ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ? ಹಿನ್ನೀರಿನ ದೋಣಿಗೆ ಮೋಟರ್ ಆರಿಸುವ ಬಗೆ

ಮೊನ್ನೆ ಅಕ್ಕನ ಮಗ ಬೀಳಗಿಯಿಂದ ಫೋನ್ ಮಾಡಿದ್ದ. ಹದಿನೇಳು ಅಡಿಯ ಫೈಬರ್ ದೋಣಿ ತಂದಿದ್ದಾನೆ. ಇಷ್ಟು ದಿನ ಹುಟ್ಟು ಹಾಕಿಕೊಂಡೇ ಬಲೆ ಬಿಡುತ್ತಿದ್ದವನು, ಈಗ ಮೋಟರ್ ಕೊಳ್ಳುವ ಮನಸ್ಸು ಮಾಡಿದ್ದಾನೆ. "ಮಾಮಾ, ಮಷೀನ್ ಯಾವ್ದು ತಗೊಳ್ಳಲಿ? ಒಬ್ಬರು ಟೂ ಸ್ಟ್ರೋಕ್ ಅಂತಾರ, ಇನ್ನೊಬ್ಬರು ಫೋರ್ ಸ್ಟ್ರೋಕ್ ಅಂತಾರ. ತಲಿ ಕೆಟ್ಟೈತಿ" ಅಂದ. ನಾನು ತಿರುಗಿ ಎರಡೇ ಪ್ರಶ್ನೆ ಕೇಳಿದೆ. "ದಿನಕ್ಕ ಎಷ್ಟ್ ತಾಸು ಓಡಸ್ತೀ? ಸಂಜಿಗೆ ಅದನ್ನ ಹೊತ್ತು ದಂಡಿಗೆ ತರೋರು ಯಾರು?"

ಅವನಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸಿತು. ಆದರೆ ಆಲಮಟ್ಟಿ ಹಿನ್ನೀರಿನಲ್ಲಿ ಒಂಬತ್ತು ವರ್ಷ ಟೂ ಸ್ಟ್ರೋಕ್, ಆಮೇಲೆ ನಾಲ್ಕು ವರ್ಷದಿಂದ ಫೋರ್ ಸ್ಟ್ರೋಕ್ ಓಡಿಸಿದ ಮೇಲೆ ನನಗೆ ಇವೆರಡೇ ಮುಖ್ಯ ಅಂತ ಗೊತ್ತಾಗಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನೀರಿನಲ್ಲಿ ದೋಣಿ ಇಟ್ಟುಕೊಂಡವರಿಗೆಲ್ಲ ಇದು ಉಪಯೋಗಕ್ಕೆ ಬರಲಿ ಅಂತ ನನ್ನ ಆಸೆ.

ಮೊದಲು ಎರಡರ ವ್ಯತ್ಯಾಸ. ಆರ್‌ಎಕ್ಸ್ 100 ಬೈಕ್ ಓಡಿಸಿದವರಿಗೆ, ಇಲ್ಲವೇ ಅದರ ಸದ್ದು ಕೇಳಿದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಅದು ಟೂ ಸ್ಟ್ರೋಕ್. ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಸಾಕು, ಒಂದು ಸಲ ಬೆಂಕಿ ಹೊತ್ತಿ ಶಕ್ತಿ ಬರುತ್ತದೆ. ವಾಲ್ವ್ ಇಲ್ಲ, ಕೆಳಗೆ ಆಯಿಲ್ ತುಂಬಿಡುವ ತೊಟ್ಟಿ ಇಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸುತ್ತೇವೆ, ಅದೇ ಒಳಗೆಲ್ಲ ಹರಡಿ ಬೇರಿಂಗಿಗೆ ಜಿಡ್ಡು ಕೊಟ್ಟು ಸುಟ್ಟು ಹೊರಗೆ ಹೋಗುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಎರಡು ಸಲ ಮೇಲೆ ಕೆಳಗೆ ಆಡಿದರೆ ಒಂದು ಸಲ ಬೆಂಕಿ. ಗಾಳಿ-ಪೆಟ್ರೋಲ್ ಒಳಗೆ ಬರಲು ಒಂದು ಬಾಗಿಲು, ಹೊಗೆ ಹೊರಗೆ ಹೋಗಲು ಇನ್ನೊಂದು. ಆಯಿಲ್ ಬೇರೆಯಾಗಿ ಒಳಗೇ ಇದ್ದು ಸುತ್ತುತ್ತಿರುತ್ತದೆ. ಈಗಿನ ಬೈಕುಗಳೆಲ್ಲ ಹೀಗೇ.

ಟೂ ಸ್ಟ್ರೋಕ್‌ನ ಒಳ್ಳೆಯದೂ ಕೆಟ್ಟದ್ದೂ ಒಂದೇ ಕಡೆಯಿಂದ ಬರುತ್ತವೆ. ಭಾಗಗಳು ಕಡಿಮೆ, ಆದ್ದರಿಂದ ಹಗುರ. ಪ್ರತಿ ಸುತ್ತಿಗೂ ಬೆಂಕಿ, ಆದ್ದರಿಂದ ಥಟ್ಟನೆ ಎಳೆತ. ಆದರೆ ಹೊಸ ಪೆಟ್ರೋಲ್ ಒಳಗೆ ಬರುವ ಹೊತ್ತಿಗೆ ಹಳೇ ಹೊಗೆ ಹೋಗುವ ಕಿಂಡಿಯೂ ತೆರೆದೇ ಇರುತ್ತದೆ. ಒಳಗೆ ಬಂದ ಪೆಟ್ರೋಲಿನಲ್ಲಿ ಒಂದಿಷ್ಟು ಸುಡದೇ ಹಾಗೇ ಹೊರಗೆ ಜಾರಿ ಹೋಗುತ್ತದೆ. ಕಾರ್ಬುರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಒಳಗೆ ಕೊಡುವ ಭಾಗ, ಇರುವ ಮೋಟರಿನಲ್ಲಿ ಈ ಸೋರಿಕೆ ನಾಲ್ಕನೇ ಒಂದು ಭಾಗದವರೆಗೂ ಇರುತ್ತದೆ. ನಾಲ್ಕು ಲೀಟರ್ ಹಾಕಿದರೆ ಒಂದು ಲೀಟರ್ ಹೊಳೆಗೆ ಸುರಿದ ಹಾಗೆ. ಬೆಳಗಿನ ಜಾವ ನೀರು ಅಲುಗದೆ ನಿಂತಿರುವಾಗ ಟೂ ಸ್ಟ್ರೋಕ್ ಚಾಲೂ ಮಾಡಿ ಹಿಂದೆ ನೋಡಿ. ನೀರಿನ ಮೇಲೆ ನವಿಲುಗರಿ ಬಣ್ಣದ ಪೊರೆ ಹರಡುತ್ತಾ ಹೋಗುತ್ತದೆ. ಅದು ನಾವು ದುಡ್ಡು ಕೊಟ್ಟು ತಂದ ಪೆಟ್ರೋಲ್ ಮತ್ತು ಆಯಿಲ್.

ತಾಸಿನ ಲೆಕ್ಕ

ಈಗ ಮೊದಲನೇ ಪ್ರಶ್ನೆ. ದಿನಕ್ಕೆ ಎಷ್ಟು ತಾಸು?

15 ಎಚ್‌ಪಿ ಮೋಟರ್ ಅಂತ ಹಿಡಿಯೋಣ. ಪೂರ್ತಿ ತಿರುವದೆ, ಹದವಾಗಿ ಓಡಿಸಿದರೆ ಟೂ ಸ್ಟ್ರೋಕ್ ತಾಸಿಗೆ ಸುಮಾರು ನಾಲ್ಕೂವರೆ ಲೀಟರ್ ಕುಡಿಯುತ್ತದೆ. ಅದೇ ಕೆಲಸಕ್ಕೆ ಫೋರ್ ಸ್ಟ್ರೋಕ್‌ಗೆ ಮೂರು ಲೀಟರ್ ಸಾಕು. ದೋಣಿಯ ಭಾರ, ಗಾಳಿ, ಓಡಿಸುವ ಕೈ ನೋಡಿ ಇದು ಹೆಚ್ಚು ಕಡಿಮೆ ಆಗುತ್ತದೆ. ಆದರೆ ಮೂರನೇ ಒಂದು ಭಾಗದ ಉಳಿತಾಯ ನನ್ನ ಕೈಗೆ ಪ್ರತಿ ತಿಂಗಳೂ ಸಿಕ್ಕಿದೆ.

ದಿನಕ್ಕೆ ಮೂರು ತಾಸು, ವರ್ಷಕ್ಕೆ 250 ದಿನ ಓಡಿಸುವವರ ಲೆಕ್ಕ ನೋಡಿ. 750 ತಾಸಾಯಿತು. ಟೂ ಸ್ಟ್ರೋಕ್‌ಗೆ 3,375 ಲೀಟರ್, ಫೋರ್ ಸ್ಟ್ರೋಕ್‌ಗೆ 2,250 ಲೀಟರ್. ವ್ಯತ್ಯಾಸ 1,125 ಲೀಟರ್. ಪೆಟ್ರೋಲ್ ನೂರು ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ ಒಂದು ಲಕ್ಷದ ಹನ್ನೆರಡು ಸಾವಿರ.

ಆಯಿಲಿನ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಟೂ ಸ್ಟ್ರೋಕ್‌ಗೆ ಲೀಟರಿಗೆ 20 ಮಿಲಿ ಬೆರೆಸಬೇಕು. 3,375 ಲೀಟರಿಗೆ 67 ಲೀಟರ್ ದಾಟುತ್ತದೆ. ಫೋರ್ ಸ್ಟ್ರೋಕ್‌ಗೆ ಮೊದಲ 20 ತಾಸಿಗೆ ಒಮ್ಮೆ, ಆಮೇಲೆ ಪ್ರತಿ 100 ತಾಸಿಗೆ ಒಮ್ಮೆ ಆಯಿಲ್ ಬದಲಿಸಬೇಕು. ಒಂದು ಸಲಕ್ಕೆ ಹೆಚ್ಚು ಕಡಿಮೆ ಒಂದು ಲೀಟರ್. ವರ್ಷಕ್ಕೆ ಎಂಟು ಲೀಟರಿನಲ್ಲಿ ಮುಗಿಯಿತು.

ಫೋರ್ ಸ್ಟ್ರೋಕ್ ಕೊಳ್ಳುವಾಗ ರೇಟ್ ಜಾಸ್ತಿ, ನಿಜ. ಆದರೆ ದಿನಾ ಓಡಿಸುವವರಿಗೆ ಆ ಜಾಸ್ತಿ ದುಡ್ಡು ಒಂದೆರಡು ವರ್ಷದಲ್ಲಿ ಪೆಟ್ರೋಲ್ ಉಳಿತಾಯದಲ್ಲೇ ತಿರುಗಿ ಬರುತ್ತದೆ. ಅದೇ ವಾರಕ್ಕೊಮ್ಮೆ ಅರ್ಧ ತಾಸು ಓಡಿಸುವವರು ಇದ್ದಾರೆ ನೋಡಿ. ನಡುಗಡ್ಡೆಯ ಹೊಲಕ್ಕೆ ಹೋಗಿ ಮೇವು ತರುವವರು, ಹಬ್ಬಕ್ಕೆ ಆ ದಂಡೆಯ ಊರಿಗೆ ಹೋಗಿ ಬರುವವರು. ಅವರು ವರ್ಷಕ್ಕೆ 30 ತಾಸೂ ಓಡಿಸುವುದಿಲ್ಲ. ಅವರಿಗೆ ಉಳಿಯುವುದು 45 ಲೀಟರ್ ಪೆಟ್ರೋಲ್ ಅಷ್ಟೇ. ಅಷ್ಟಕ್ಕಾಗಿ ದುಬಾರಿ ಮೋಟರ್ ಕೊಳ್ಳಿ ಅಂತ ನಾನು ಹೇಳಲಾರೆ.

ಹೊರುವ ಹೆಗಲು

ಎರಡನೇ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಅಂಗಡಿಯ ನೆಲ ಟೈಲ್ಸ್‌ದು. ನಮ್ಮ ದಂಡೆ ಎರಿ ಮಣ್ಣಿನದು.

ಆಲಮಟ್ಟಿ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಆಗ ದೋಣಿ ಊರ ಹೊಲದ ಬದುವಿಗೇ ಬಂದು ನಿಲ್ಲುತ್ತದೆ. ಮೋಟರ್ ಬಿಚ್ಚಿ ನಾಲ್ಕು ಹೆಜ್ಜೆ ಹಾಕಿದರೆ ಗಾಡಿ. ಬೇಸಿಗೆ ಬಂತೆಂದರೆ ನೀರು ಹಿಂದೆ ಸರಿಯುತ್ತಾ ಹೋಗುತ್ತದೆ. ದಂಡೆ ಇಳಿಜಾರು ಕಡಿಮೆ ಇರುವಲ್ಲಿ ಒಂದು ಮೀಟರ್ ನೀರು ಇಳಿದರೆ ದಂಡೆ ಎಷ್ಟೋ ದೂರ ಹೋಗಿ ಬಿಡುತ್ತದೆ. ನಡುವೆ ಉಳಿಯುವುದು ಕೆಸರು. ಮೇಲೆ ಒಣಗಿ ಬಿರಿದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಹೂತು ಹೋಗುತ್ತದೆ. ಚಪ್ಪಲಿ ಅಲ್ಲೇ ಉಳಿಯುತ್ತದೆ. ಆ ಕೆಸರಿನಲ್ಲಿ ಮೋಟರ್ ಹೆಗಲ ಮೇಲೆ ಇಟ್ಟುಕೊಂಡು ಇನ್ನೂರು ಹೆಜ್ಜೆ ನಡೆಯಬೇಕು. ಕ್ಲ್ಯಾಂಪಿನ ಹಿಡಿ ಕುತ್ತಿಗೆಗೆ ಒತ್ತುತ್ತದೆ, ಉಳಿದ ನೀರು ಬೆನ್ನ ಮೇಲೆ ಇಳಿಯುತ್ತದೆ. ದೋಣಿಯಲ್ಲೇ ಬಿಟ್ಟು ಬರೋಣ ಅಂದರೆ ಕಳ್ಳರ ಭಯ.

15 ಎಚ್‌ಪಿಯ ಟೂ ಸ್ಟ್ರೋಕ್ ಸುಮಾರು 36 ಕೆಜಿ. ಅದೇ ಶಕ್ತಿಯ ಫೋರ್ ಸ್ಟ್ರೋಕ್ 50 ಕೆಜಿ ಹತ್ತಿರ. 8 ಎಚ್‌ಪಿಗೆ ಬಂದರೆ ಟೂ ಸ್ಟ್ರೋಕ್ 27 ಕೆಜಿ ಆಸುಪಾಸು, ಫೋರ್ ಸ್ಟ್ರೋಕ್ 38ರಿಂದ 40. ಒಂದು ಸಿಮೆಂಟ್ ಚೀಲ 50 ಕೆಜಿ ಅಂತ ನೆನಪಿಟ್ಟುಕೊಳ್ಳಿ. ಚೀಲವಾದರೆ ಮೈಗೆ ಅಂಟಿ ಕೂಡುತ್ತದೆ. ಮೋಟರ್ ಹಾಗಲ್ಲ, ಒಂದು ಕಡೆ ತಲೆಭಾರ, ಇನ್ನೊಂದು ಕಡೆ ಉದ್ದ ಕಾಲು. ಇಬ್ಬರು ಇದ್ದರೆ ಬೊಂಬಿಗೆ ಹಗ್ಗ ಕಟ್ಟಿ ತೂಗು ಹಾಕಿ ಒಯ್ಯಬಹುದು. ಒಬ್ಬರೇ ದುಡಿಯುವವರಾದರೆ, ಅದರಲ್ಲೂ ವಯಸ್ಸು ಐವತ್ತು ದಾಟಿದವರಾದರೆ, ಈ 14 ಕೆಜಿ ಅನ್ನುವುದು ಸಣ್ಣ ಮಾತಲ್ಲ.

ಇನ್ನೊಂದು ವಿಷಯ. ಟೂ ಸ್ಟ್ರೋಕ್ ಮೋಟರನ್ನು ನೀರು ಬಸಿದ ಮೇಲೆ ಯಾವ ಮಗ್ಗುಲಿಗಾದರೂ ಮಲಗಿಸಬಹುದು. ಫೋರ್ ಸ್ಟ್ರೋಕ್ ಹಾಗಲ್ಲ. ಕಂಪನಿಯವರು ಗುರುತು ಹಾಕಿದ ಮಗ್ಗುಲಿಗೇ ಮಲಗಿಸಬೇಕು. ತಪ್ಪು ಮಗ್ಗುಲಿಗೆ ಮಲಗಿಸಿದರೆ ಕೆಳಗಿನ ಆಯಿಲ್ ಸಿಲಿಂಡರಿಗೆ ಹರಿದು ಬರುತ್ತದೆ. ಮರುದಿನ ಹಗ್ಗ ಎಳೆದರೆ ಬಿಗಿ, ಚಾಲೂ ಆದರೆ ಒಂದೇ ಸಮನೆ ಬಿಳಿ ಹೊಗೆ. ಗಾಡಿಯಲ್ಲಿ ಹಾಕಿಕೊಂಡು ಹೋಗುವಾಗ ಹುಡುಗರಿಗೆ ಇದನ್ನು ಹೇಳಿಯೇ ಕಳಿಸಬೇಕು.

ಬೆರಕೆಯ ಕೆಲಸ

ಟೂ ಸ್ಟ್ರೋಕ್ ಕೊಳ್ಳುವವರು ಆಯಿಲ್ ಬೆರೆಸುವ ಶಿಸ್ತನ್ನು ಮೊದಲು ಕಲಿಯಬೇಕು. ಇಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ.

ಸಾಮಾನ್ಯ ಓಟಕ್ಕೆ 50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್. 24 ಲೀಟರಿನ ಟ್ಯಾಂಕಿಗೆ 480 ಮಿಲಿ. ಹೊಸ ಮೋಟರಿಗೆ ಮೊದಲ ಹತ್ತು ತಾಸು ದುಪ್ಪಟ್ಟು, ಅಂದರೆ 25ಕ್ಕೆ ಒಂದು. ನಿಮ್ಮ ಮೋಟರಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ. ಮೊದಲು ಅರ್ಧ ಪೆಟ್ರೋಲ್, ಆಮೇಲೆ ಆಯಿಲ್ ಹಾಕಿ ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲ್ ಸುರಿಯಿರಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಜಾಸ್ತಿಯಾದರೆ ಪ್ಲಗ್ ಕಪ್ಪಾಗಿ ಮಿಸ್ ಹೊಡೆಯುತ್ತದೆ.

ಯಾವ ಆಯಿಲ್ ಅನ್ನುವುದೂ ಮುಖ್ಯ. ಹಳೇ ಬೈಕಿಗೆ ಹಾಕುತ್ತಿದ್ದ 2ಟಿ ಆಯಿಲ್ ಬೇಡ. ಬೈಕ್ ಎಂಜಿನ್ ಗಾಳಿಯಿಂದ ತಣ್ಣಗಾಗುವುದು, ಅದು ತುಂಬ ಕಾಯುತ್ತದೆ. ದೋಣಿ ಮೋಟರ್ ಹೊಳೆಯ ನೀರನ್ನೇ ಎಳೆದುಕೊಂಡು ತಣ್ಣಗಿರುತ್ತದೆ. ಬೈಕಿನ ಆಯಿಲ್ ಇದರಲ್ಲಿ ಪೂರ್ತಿ ಸುಡದೆ ಬೂದಿ ಕಟ್ಟುತ್ತದೆ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರುವ ಆಯಿಲನ್ನೇ ಕೇಳಿ ತನ್ನಿ. ನನ್ನ ಮೊದಲ ಮೋಟರಿಗೆ ಒಂದು ಅಂಗಡಿಯವರು "ಎಲ್ಲಾ ಒಂದೇ ರೀ" ಅಂತ ಬೈಕಿನ ಆಯಿಲ್ ಕೊಟ್ಟರು. ನಾನೂ ನಂಬಿದೆ. ಆರು ತಿಂಗಳಿಗೆ ಹೆಡ್ ಬಿಚ್ಚಿಸಿದಾಗ ಪಿಸ್ಟನ್ ತಲೆಯ ಮೇಲೆ ರೊಟ್ಟಿ ಸೀದ ಹಾಗೆ ಕರಿ ಹಕ್ಕಳೆ. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಬಂತು. ರಿಂಗ್ ಪಿಸ್ಟನ್ನಿನ ಗೀರಿನಲ್ಲೇ ಅಂಟಿಕೊಂಡಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಮನೆಯಲ್ಲಿ ಎರಡು ಕ್ಯಾನ್ ಇದ್ದವು. ಒಂದರಲ್ಲಿ ಬೆರಕೆ ಪೆಟ್ರೋಲ್, ಇನ್ನೊಂದರಲ್ಲಿ ಬೈಕಿಗೆ ತಂದ ಬರೀ ಪೆಟ್ರೋಲ್. ಕತ್ತಲಲ್ಲಿ ಅವಸರಕ್ಕೆ ತಮ್ಮ ಬರೀ ಪೆಟ್ರೋಲನ್ನೇ ಟ್ಯಾಂಕಿಗೆ ಸುರಿದ. ನಡುನೀರಿನವರೆಗೆ ಚೆನ್ನಾಗಿಯೇ ಹೋದೆವು. ಸದ್ದು ಒಮ್ಮೆ ತೆಳ್ಳಗಾಯಿತು, ಕಿರ್ ಅಂತ ಕೂಗಿತು, ನಿಂತೇ ಬಿಟ್ಟಿತು. ಹಗ್ಗ ಎಳೆದರೆ ಗೋಡೆಗೆ ಕಟ್ಟಿದ ಹಾಗೆ ಅಲುಗಲಿಲ್ಲ. ಹುಟ್ಟು ಹಾಕಿಕೊಂಡು ದಂಡೆ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಬೆರಕೆ ಕ್ಯಾನಿಗೆ ಕೆಂಪು ಬಟ್ಟೆ ಕಟ್ಟಿದ್ದೇವೆ. ಬಣ್ಣ ಬೇಡ, ಬಟ್ಟೆಯೇ ಕಟ್ಟಿ. ಕತ್ತಲಲ್ಲೂ ಕೈಗೆ ತಿಳಿಯುತ್ತದೆ.

ಫೋರ್ ಸ್ಟ್ರೋಕ್‌ನಲ್ಲಿ ಈ ಕಾಟ ಇಲ್ಲ. ಪಂಪಿನಿಂದ ತಂದ ಪೆಟ್ರೋಲ್ ಹಾಗೇ ಸುರಿಯಿರಿ. ಆದರೆ ಚಾಲೂ ಮಾಡುವ ಮೊದಲು ಕಡ್ಡಿ ತೆಗೆದು ಆಯಿಲ್ ಮಟ್ಟ ನೋಡುವುದನ್ನು ಮರೆಯಬಾರದು.

ನಮ್ಮ ಕಬ್ಬು ಪೆಟ್ರೋಲಿಗೆ ಸೇರಿದ ಮೇಲೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಎಲ್ಲಿ ನೋಡಿದರೂ ಕಬ್ಬು. ಸಕ್ಕರೆ ಕಾರ್ಖಾನೆಗಳಲ್ಲಿ ಎಥೆನಾಲ್ ತಯಾರಾಗಿ ಪೆಟ್ರೋಲಿಗೆ ಸೇರುತ್ತಿದೆ. ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್. ಕಬ್ಬು ಬೆಳೆಯುವವರಿಗೆ ಒಳ್ಳೆಯದಾಗಲಿ. ಆದರೆ ದೋಣಿ ಮೋಟರ್ ಇಟ್ಟವರು ಎಚ್ಚರ ಇರಬೇಕು. ಹೆಚ್ಚಿನ ದೋಣಿ ಮೋಟರಿನ ಪುಸ್ತಕಗಳಲ್ಲಿ ಎಥೆನಾಲ್ ನೂರಕ್ಕೆ ಹತ್ತು ಭಾಗ ಮೀರಬಾರದು ಅಂತಲೇ ಬರೆದಿರುತ್ತದೆ.

ಎಥೆನಾಲ್ ನೀರನ್ನು ಹೀರುತ್ತದೆ. ನಮ್ಮ ಟ್ಯಾಂಕ್ ಇರುವುದೇ ನೀರಿನ ಮೇಲೆ. ಹೀರಿದ ನೀರು ಜಾಸ್ತಿಯಾದರೆ ಎಥೆನಾಲ್ ಮತ್ತು ನೀರು ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪು ಮೊದಲು ಎಳೆಯುವುದೇ ತಳದ್ದನ್ನು. ಟೂ ಸ್ಟ್ರೋಕ್‌ಗೆ ಇದು ಎರಡು ಪಟ್ಟು ಅಪಾಯ. ತಳಕ್ಕಿಳಿದ ಪದರದಲ್ಲಿ ಆಯಿಲ್ ಇರುವುದಿಲ್ಲ, ಅದು ಮೇಲಿನ ಪೆಟ್ರೋಲಿನಲ್ಲೇ ಉಳಿದಿರುತ್ತದೆ. ನೀವು ಅಳತೆ ತಪ್ಪದೆ ಬೆರೆಸಿದ್ದರೂ ಎಂಜಿನ್‌ಗೆ ಜಿಡ್ಡು ಸಿಗುವುದಿಲ್ಲ. ಜೊತೆಗೆ ಎಥೆನಾಲ್ ಜಾಸ್ತಿ ಇದ್ದರೆ ಕಾರ್ಬುರೇಟರಿಗೆ ಗಾಳಿಯ ಪಾಲು ಜಾಸ್ತಿಯಾದ ಹಾಗೆ, ಎಂಜಿನ್ ಹೆಚ್ಚು ಕಾಯುತ್ತದೆ.

ನಾನು ಮಾಡುವುದು ಇಷ್ಟು. ಎರಡು ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತರುತ್ತೇನೆ, ಬೆರಕೆಯನ್ನು ತಿಂಗಳ ಮೇಲೆ ಇಡುವುದಿಲ್ಲ. ಟ್ಯಾಂಕಿಗೂ ಮೋಟರಿಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿದ್ದೇನೆ. ವಾರದ ಮೇಲೆ ದೋಣಿ ನಿಲ್ಲುತ್ತದೆ ಅನ್ನುವಾಗ ಪೈಪು ಕಿತ್ತು ಮೋಟರ್ ತಾನೇ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರಿನ ಕೆಳಗಿನ ಸ್ಕ್ರೂ ತೆಗೆದು ಉಳಿದದ್ದನ್ನು ಬಸಿಯುತ್ತೇನೆ. ಫೋರ್ ಸ್ಟ್ರೋಕ್ ಸಣ್ಣ ಮೋಟರುಗಳ ಜೆಟ್, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ಕಿಂಡಿ, ತುಂಬ ಸಣ್ಣ, ಸೂಜಿ ತೂತಿನಷ್ಟು. ಒಂದು ತಿಂಗಳು ಪೆಟ್ರೋಲ್ ನಿಂತರೆ ಅಂಟು ಕಟ್ಟಿ ಮುಚ್ಚಿ ಹೋಗುತ್ತದೆ. ಈ ವಿಷಯದಲ್ಲಿ ಫೋರ್ ಸ್ಟ್ರೋಕ್ ಜಾಸ್ತಿ ಸೂಕ್ಷ್ಮ. ಕಾರ್ಬುರೇಟರ್ ಇಲ್ಲದ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಇರುವ ಮೋಟರ್ ಸಿಕ್ಕರೆ ಈ ತೊಂದರೆ ಕಡಿಮೆ.

ಬಲೆ ಬಿಡುವಾಗ

ಬಲೆ ಬಿಡುವುದು ನಿಧಾನದ ಕೆಲಸ. ಮೋಟರ್ ಗುರುಗುಡುತ್ತಾ ಇರಬೇಕು, ದೋಣಿ ತೆವಳಬೇಕು. ಒಬ್ಬರು ಬಲೆ ಬಿಡುತ್ತಾ ಹೋಗಬೇಕು. ಟೂ ಸ್ಟ್ರೋಕ್‌ಗೆ ಈ ನಿಧಾನ ಆಗಿ ಬರುವುದಿಲ್ಲ. ಅರ್ಧ ತಾಸು ಹಾಗೆ ಓಡಿದರೆ ಪ್ಲಗ್‌ಗೆ ಆಯಿಲ್ ಕಟ್ಟುತ್ತದೆ, ಆಮೇಲೆ ವೇಗ ಕೊಟ್ಟರೆ ಕೆಮ್ಮುತ್ತದೆ. ಜೇಬಿನಲ್ಲಿ ಯಾವಾಗಲೂ ಒಂದು ಜೋಡಿ ಪ್ಲಗ್, ಒಂದು ಪಾನಾ ಇರಲೇಬೇಕು. ಗಾಳಿ ಹಿಂದಿನಿಂದ ಬೀಸಿದರೆ ಹೊಗೆಯೆಲ್ಲ ಮುಖಕ್ಕೆ. ಒಂಬತ್ತು ವರ್ಷ ನಾನು ಆ ಹೊಗೆ ಕುಡಿದಿದ್ದೇನೆ. ಮನೆಗೆ ಬಂದ ಮೇಲೂ ಊಟದಲ್ಲಿ ಅದರದ್ದೇ ವಾಸನೆ.

ಫೋರ್ ಸ್ಟ್ರೋಕ್ ನಿಧಾನದಲ್ಲಿ ಹಾಯಾಗಿ ಓಡುತ್ತದೆ. ಸದ್ದು ಎಷ್ಟು ಕಡಿಮೆ ಅಂದರೆ ಪಕ್ಕದವರ ಜೊತೆ ಕೂಗದೆ ಮಾತಾಡಬಹುದು. ಚಳಿಗಾಲದಲ್ಲಿ ಹಿನ್ನೀರಿಗೆ ರಾಜಹಂಸ, ಪಟ್ಟೆತಲೆ ಹೆಬ್ಬಾತು ಬರುತ್ತವೆ. ಅವನ್ನು ನೋಡಲು ಬರುವವರನ್ನು ಕೂಡಿಸಿಕೊಂಡು ಹೋಗುವ ಯೋಚನೆ ಇದ್ದರೆ ಟೂ ಸ್ಟ್ರೋಕ್ ಬಗ್ಗೆ ಯೋಚಿಸಲೇ ಬೇಡಿ. ಹಕ್ಕಿಯೂ ಹಾರಿ ಹೋಗುತ್ತದೆ, ಬಂದವರೂ ಮೂಗು ಮುಚ್ಚಿಕೊಳ್ಳುತ್ತಾರೆ.

ಎಳೆತದಲ್ಲಿ ಮಾತ್ರ ಟೂ ಸ್ಟ್ರೋಕ್ ಈಗಲೂ ಮುಂದೆ. ಆಷಾಢದ ಗಾಳಿಗೆ ಕೊರ್ತಿ–ಕೊಲ್ಹಾರ ಕಡೆಯ ಅಗಲ ನೀರಿನಲ್ಲಿ ತೆರೆ ಎದ್ದಾಗ, ತುಂಬಿದ ದೋಣಿಯನ್ನು ಥಟ್ಟನೆ ಎತ್ತಿ ಓಡಿಸುವ ತಾಕತ್ತು ಅದಕ್ಕಿದೆ. ಫೋರ್ ಸ್ಟ್ರೋಕ್‌ನಲ್ಲಿ ಅದೇ ಚುರುಕು ಬೇಕೆಂದರೆ ಒಂದು ಮೆಟ್ಟಿಲು ಜಾಸ್ತಿ ಎಚ್‌ಪಿ ತಗೊಳ್ಳಬೇಕು, ಇಲ್ಲವೇ ದೋಣಿಗೆ ಹೊಂದುವ ಕಡಿಮೆ ಪಿಚ್‌ನ, ಅಂದರೆ ಒಂದು ಸುತ್ತಿಗೆ ಕಡಿಮೆ ದೂರ ನೂಕುವ, ಪ್ರೊಪೆಲರ್ (ನೀರು ತಳ್ಳುವ ರೆಕ್ಕೆ) ಹಾಕಿಸಬೇಕು.

ಪ್ರವಾಹದ ದೋಣಿ

2019ರ ಆಗಸ್ಟ್ ತಿಂಗಳನ್ನು ನಮ್ಮ ಮೂರು ಜಿಲ್ಲೆಯ ಹೊಳೆದಂಡೆಯವರು ಯಾರೂ ಮರೆಯುವುದಿಲ್ಲ. ಅಂಥ ಹೊತ್ತಿಗೆ ಊರಿಗೊಂದು ದೋಣಿ ಇರಬೇಕು ಅಂತ ಯುವಕ ಮಂಡಳದವರು, ಪಂಚಾಯಿತಿಯವರು ಕೇಳುತ್ತಾರೆ. ಅವರಿಗೆ ನನ್ನ ಉತ್ತರ ಬೇರೆ. ಪ್ರವಾಹಕ್ಕೆ ಅಂತಲೇ ಇಡುವ ದೋಣಿಗೆ ಟೂ ಸ್ಟ್ರೋಕ್ ಒಳ್ಳೆಯದು.

ಕಾರಣ ಹೇಳುತ್ತೇನೆ. ಟ್ರ್ಯಾಕ್ಟರಿನಿಂದ ಇಳಿಸಿ ಇಬ್ಬರು ಓಡುತ್ತಾ ಹೊತ್ತೊಯ್ಯಬೇಕು, ಹಗುರ ಇರಬೇಕು. ದೋಣಿ ಮಗುಚಿ ಮೋಟರ್ ಮುಳುಗುವ ಸಾಧ್ಯತೆ ಇದೆ. ಮುಳುಗಿದ ಟೂ ಸ್ಟ್ರೋಕ್‌ಗೆ ಪ್ಲಗ್ ಬಿಚ್ಚಿ, ತಲೆಕೆಳಗು ಮಾಡಿ, ಹಗ್ಗ ಎಳೆದು ನೀರು ಹೊರಗೆ ಹಾಕಿ, ಕಾರ್ಬುರೇಟರ್ ಬಸಿದು, ಸಿಲಿಂಡರಿಗೆ ನಾಲ್ಕು ಹನಿ ಆಯಿಲ್ ಬಿಟ್ಟು, ಹೊಸ ಬೆರಕೆ ಪೆಟ್ರೋಲ್ ಹಾಕಿದರೆ ಬಹಳ ಸಲ ಅದೇ ದಿನ ಚಾಲೂ ಆಗುತ್ತದೆ. ಫೋರ್ ಸ್ಟ್ರೋಕ್ ಮುಳುಗಿದರೆ ಆಯಿಲಿಗೆ ನೀರು ಸೇರುತ್ತದೆ. ಆಯಿಲ್ ಬಸಿದು ಹೊಸದು ಹಾಕಿ, ಸ್ವಲ್ಪ ಓಡಿಸಿ, ಮತ್ತೆ ಬಸಿದು, ಹೀಗೆ ಎರಡು ಮೂರು ಸಲ ಮಾಡಬೇಕು. ನೆರೆಯ ನಡುವೆ ಅದಕ್ಕೆ ಹೊತ್ತೆಲ್ಲಿದೆ? ಎರಡರಲ್ಲೂ ಒಂದು ಮಾತು ನೆನಪಿರಲಿ. ಮುಳುಗಿದ ಮೋಟರನ್ನು ಮೇಲೆತ್ತಿದ ಮೇಲೆ ದಂಡೆಯಲ್ಲಿ ಸುಮ್ನೆ ಇಡಬಾರದು. ಗಾಳಿ ತಗುಲಿದ ಕೂಡಲೇ ಒಳಗೆ ತುಕ್ಕು ಶುರುವಾಗುತ್ತದೆ. ಕೆಲವೇ ತಾಸಿನಲ್ಲಿ ಚಾಲೂ ಮಾಡಬೇಕು.

ವರ್ಷವಿಡೀ ಕೋಣೆಯಲ್ಲಿಟ್ಟು ನೆರೆ ಬಂದಾಗ ತೆಗೆದರೆ ಯಾವ ಮೋಟರೂ ಚಾಲೂ ಆಗುವುದಿಲ್ಲ. ತಿಂಗಳಿಗೊಮ್ಮೆ ಡ್ರಮ್ಮಿನಲ್ಲಿ ನೀರು ತುಂಬಿ, ಮೋಟರಿನ ಕಾಲು ಮುಳುಗಿಸಿ ಹತ್ತು ನಿಮಿಷ ಓಡಿಸಿ. ಒಣಗಿದ್ದಾಗ ಓಡಿಸಬೇಡಿ, ಒಳಗಿನ ರಬ್ಬರ್ ನೀರಿಲ್ಲದೆ ಅರೆ ನಿಮಿಷದಲ್ಲೇ ಸುಟ್ಟುಕೊಳ್ಳುತ್ತದೆ.

ಎರಡಕ್ಕೂ ಒಂದೇ ಶತ್ರು

ಕೆಲವು ಕಾಟಕ್ಕೆ ಸ್ಟ್ರೋಕ್ ಎಷ್ಟಾದರೂ ಒಂದೇ. ಮೊದಲನೆಯದು ರಾಡಿ ನೀರು. ಮಳೆಗಾಲದ ಹೊಸ ನೀರಿನಲ್ಲಿ ಮರಳು ಮಣ್ಣು ಜಾಸ್ತಿ. ಮೋಟರಿನ ಕಾಲಿನೊಳಗೆ ನೀರೆಳೆಯುವ ಒಂದು ರಬ್ಬರ್ ಚಕ್ರ ಇದೆ, ಇಂಪೆಲರ್ ಅಂತ. ಮರಳಿಗೆ ಅದು ಸವೆಯುತ್ತದೆ. ಮೋಟರ್ ಓಡುವಾಗ ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮುತ್ತಿರಬೇಕು. ಧಾರೆ ಸಣ್ಣಗಾಯಿತು, ಬಿಸಿಯಾಯಿತು ಅಂದರೆ ಕೂಡಲೇ ನಿಲ್ಲಿಸಿ. ದಿನಾ ಓಡಿಸುವವರು ವರ್ಷಕ್ಕೊಮ್ಮೆ ಇಂಪೆಲರ್ ಬದಲಿಸಿಬಿಡಿ.

ಎರಡನೆಯದು ನೀರಿನ ಕೆಳಗೆ ಇರುವುದು. ಹಿನ್ನೀರು ಅಂದರೆ ಮುಳುಗಿದ ಊರುಗಳು. ಹಳೇ ಬಾಗಲಕೋಟೆಯ ತಗ್ಗು ಭಾಗವೇ ನೀರಿಗೆ ಹೋಗಿ ನವನಗರ ಕಟ್ಟಿದ್ದು ಎಲ್ಲರಿಗೂ ಗೊತ್ತು. ನೀರು ಇಳಿಯುವ ಕಾಲಕ್ಕೆ ಗೋಡೆ, ಬಾವಿ ಕಟ್ಟೆ, ಜಾಲಿ ಗಿಡದ ಬೊಡ್ಡೆ ಒಂದು ಮೊಳ ಕೆಳಗೇ ಇರುತ್ತವೆ. ಬಿಡಿ ಪ್ರೊಪೆಲರ್ ಒಂದು ದೋಣಿಯಲ್ಲಿರಲಿ.

ಮೂರನೆಯದು ಬಲೆಯ ದಾರ. ಪ್ರೊಪೆಲರ್ ಶಾಫ್ಟಿಗೆ ಸುತ್ತಿದ ನೈಲಾನ್ ದಾರ ಒಳಗೆ ಸರಿದು ಆಯಿಲ್ ಸೀಲ್ ಕತ್ತರಿಸುತ್ತದೆ. ಒಂದು ಸಲ ನಾನು ಪ್ರೊಪೆಲರ್ ಬಿಚ್ಚಿದಾಗ ಹಿಂದೆ ದಾರ ಸುತ್ತಿ ಸುತ್ತಿ ಬಿಲ್ಲೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಚಾಕುವಿನಿಂದ ಕತ್ತರಿಸಿ ಎಳೆದರೆ ಮಾರುದ್ದ ಬಂತು. ಕೆಳಗಿನ ಸ್ಕ್ರೂ ತೆಗೆದರೆ ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣ. ನೀರು ಒಳಗೆ ಹೋಗಿತ್ತು. ಇನ್ನೊಂದು ತಿಂಗಳು ನೋಡದೇ ಬಿಟ್ಟಿದ್ದರೆ ಗೇರೇ ಹೋಗುತ್ತಿತ್ತು.

ಓಡಿಸುವಾಗ ಮಣಿಕಟ್ಟಿಗೆ ಹಾಕುವ ಕೆಂಪು ದಾರವನ್ನೂ ಹೇಳಿ ಬಿಡುತ್ತೇನೆ. ನೀವು ನೀರಿಗೆ ಬಿದ್ದರೆ ಅದು ಕಿತ್ತು ಬಂದು ಮೋಟರ್ ನಿಲ್ಲುತ್ತದೆ. ಅದನ್ನು ಮೋಟರಿಗೇ ಕಟ್ಟಿಟ್ಟು ಓಡಿಸಬೇಡಿ, ದಯವಿಟ್ಟು. ಲೈಫ್ ಜಾಕೆಟ್ ಕೂಡ ಹಾಕಿಕೊಳ್ಳಿ, ಈಜು ಬಂದರೂ.

ರಿಪೇರಿ, ಹಳೇ ಮಾಲು

ನಮ್ಮ ಕಡೆ ದೋಣಿ ಮೋಟರಿನ ಮೆಕ್ಯಾನಿಕ್ ಸಿಗುವುದು ಕಷ್ಟ. ಟೂ ಸ್ಟ್ರೋಕ್ ಆದರೆ ಹಳೇ ಬೈಕಿನ ಕೈ ಇರುವ ಮೇಸ್ತ್ರಿ ಪಿಸ್ಟನ್, ರಿಂಗ್, ಕಾರ್ಬುರೇಟರ್ ನೋಡಬಲ್ಲರು. ಫೋರ್ ಸ್ಟ್ರೋಕ್‌ಗೆ ವಾಲ್ವ್ ಅಂತರ ಅಳೆಯಬೇಕು, ಕೆಲವಕ್ಕೆ ಬೆಲ್ಟ್ ಬದಲಿಸಬೇಕು, ಇಂಜೆಕ್ಷನ್ ಇದ್ದರೆ ಕಂಪ್ಯೂಟರ್ ಹಚ್ಚಬೇಕು. ಅದಕ್ಕೆ ಗೋವಾ, ಇಲ್ಲವೇ ಕಾರವಾರದ ಕಡೆ ಹೋಗಬೇಕಾಗಬಹುದು. ಕೊಳ್ಳುವಾಗಲೇ ಕೇಳಿ: ಬಿಡಿ ಭಾಗ ಎಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೆ ಬರುತ್ತದೆ?

ಕರಾವಳಿಯಿಂದ ಹಳೇ ಟೂ ಸ್ಟ್ರೋಕ್ ಮೋಟರುಗಳು ಸೋವಿಯಾಗಿ ಬರುತ್ತವೆ. ಎರಡು ವಿಷಯ ನೋಡಿ. ಒಂದು, ಉಪ್ಪು ನೀರು ತಿಂದ ಬೋಲ್ಟುಗಳು. ಬಿಚ್ಚಲು ಹೋದರೆ ಮುರಿಯುತ್ತವೆ. ಇನ್ನೊಂದು, ಅಲ್ಲಿ ಸೀಮೆಎಣ್ಣೆಯಲ್ಲಿ ಓಡುವ ಮೋಟರುಗಳಿವೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಆಮೇಲೆ ಸೀಮೆಎಣ್ಣೆಗೆ ಹಾಕುವಂಥವು. ಅವುಗಳ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಕಡಿಮೆ ಇಟ್ಟಿರುತ್ತಾರೆ. ಅಂಥದ್ದನ್ನು ಪೆಟ್ರೋಲ್ ಮೋಟರ್ ಅಂತ ತಂದರೆ ಪೆಟ್ರೋಲೂ ಕುಡಿಯುತ್ತದೆ, ಎಳೆತವೂ ಇರುವುದಿಲ್ಲ. ಮೋಟರ್ ತಣ್ಣಗಿರುವಾಗ ಹೋಗಿ, ನಿಮ್ಮ ಮುಂದೆಯೇ ಚಾಲೂ ಮಾಡಿಸಿ, ಗೇರ್ ಆಯಿಲಿನ ಬಣ್ಣ ನೋಡಿ, ಕಂಪ್ರೆಷನ್ ಮೀಟರ್ ಹಚ್ಚಿಸಿ. ಎರಡು ಸಿಲಿಂಡರಿನ ನಡುವೆ ನೂರಕ್ಕೆ ಹತ್ತರ ಮೇಲೆ ಅಂತರ ಇದ್ದರೆ ಬಿಟ್ಟು ಬನ್ನಿ.

ಹೊರದೇಶದ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದನ್ನೂ ತಿಳಿದಿರಿ. ಅಮೆರಿಕದಲ್ಲಿ ಕಾರ್ಬುರೇಟರ್ ಇರುವ ಟೂ ಸ್ಟ್ರೋಕ್ ದೋಣಿ ಮೋಟರ್ ಹೊಸದಾಗಿ ಮಾರುವುದು ನಿಂತು ಹತ್ತು ವರ್ಷದ ಮೇಲಾಯಿತು. ಸೋರಿಕೆ ಇಲ್ಲದ ಇಂಜೆಕ್ಷನ್ ಟೂ ಸ್ಟ್ರೋಕ್ ಮಾಡುತ್ತಿದ್ದ ಎವಿನ್‌ರೂಡ್ ಕೂಡ 2020ರಲ್ಲಿ ಮೋಟರ್ ತಯಾರಿಕೆ ನಿಲ್ಲಿಸಿತು. ಹೋಂಡಾ ಮೊದಲಿನಿಂದಲೂ ದೋಣಿಗೆ ಫೋರ್ ಸ್ಟ್ರೋಕ್ ಅನ್ನೇ ಮಾಡಿಕೊಂಡು ಬಂದಿದೆ. ಟೂ ಸ್ಟ್ರೋಕ್‌ನ ಬಿಡಿ ಭಾಗ ಇವತ್ತು ಸಿಕ್ಕಷ್ಟು ಸಲೀಸಾಗಿ ಹದಿನೈದು ವರ್ಷದ ಮೇಲೂ ಸಿಗುತ್ತದೆ ಅಂತ ನಾನು ಭರವಸೆ ಇಡಲಾರೆ.

ನನ್ನ ಮಟ್ಟಿಗೆ ತಕ್ಕಡಿ ವಾಲಿದ್ದು ದುಡ್ಡಿಗಿಂತ ಜಾಸ್ತಿ ಇನ್ನೊಂದು ಕಾರಣಕ್ಕೆ. ಈ ನೀರನ್ನು ನಾವು ಕುಡಿಯುತ್ತೇವೆ. ವಿಜಯಪುರಕ್ಕೆ ಕೊಲ್ಹಾರದಿಂದ ಹೋಗುವ ನೀರು ಇದೇ ಕೃಷ್ಣೆಯದು. ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿಯ ನವಿಲುತೀರ್ಥ ಅಣೆಕಟ್ಟೆಯಿಂದ ಮಲಪ್ರಭೆಯ ನೀರು ಹೋಗುತ್ತದೆ. ನಮ್ಮ ಮನೆಯ ಕೊಡ ತುಂಬುವುದೂ ಇಲ್ಲಿಂದಲೇ. ಆ ನವಿಲುಗರಿ ಬಣ್ಣದ ಪೊರೆ ನೋಡಿದಾಗಲೆಲ್ಲ ನನಗೆ ಕೊಡವೇ ಕಣ್ಣ ಮುಂದೆ ಬರುತ್ತಿತ್ತು. ದಿನಾ ಓಡಿಸುವವರು ಫೋರ್ ಸ್ಟ್ರೋಕ್ ತಗೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಅಕ್ಕನ ಮಗ ದಿನಕ್ಕೆ ಎರಡೂವರೆ ತಾಸು ಓಡಿಸುತ್ತಾನಂತೆ. ಹೊರಲು ಜೊತೆಗೆ ತಮ್ಮ ಇದ್ದಾನೆ. ಹಾಗಾದರೆ 9.9 ಎಚ್‌ಪಿಯ ಫೋರ್ ಸ್ಟ್ರೋಕ್ ತಗೋ ಅಂದೆ, ಅದು 40ರಿಂದ 45 ಕೆಜಿ ಒಳಗೆ ಬರುತ್ತದೆ. ದುಡ್ಡು ಕೊಡುವ ಮುಂಚೆ ಒಂದು ಅಳತೆ ಮಾಡಲು ಹೇಳಿದೆ. ದೋಣಿಯ ಹಿಂದಿನ ಹಲಗೆ ಮೇಲಿನಿಂದ ತಳದವರೆಗೆ ಎಷ್ಟಿದೆ? 38 ಸೆಂಟಿಮೀಟರ್ ಆಸುಪಾಸು ಇದ್ದರೆ ಗಿಡ್ಡ ಕಾಲಿನ ಮೋಟರ್, 51 ಇದ್ದರೆ ಉದ್ದ ಕಾಲಿನದು. ಗಿಡ್ಡ ಹಲಗೆಗೆ ಉದ್ದ ಕಾಲು ಹಾಕಿದರೆ ಬೇಸಿಗೆಯಲ್ಲಿ ಕೆಸರು ಉಳುತ್ತದೆ, ಉದ್ದ ಹಲಗೆಗೆ ಗಿಡ್ಡ ಕಾಲು ಹಾಕಿದರೆ ಪ್ರೊಪೆಲರ್ ಗಾಳಿ ಕುಡಿದು ಸುಮ್ನೆ ತಿರುಗುತ್ತದೆ. ರಾತ್ರಿ ಟೇಪ್ ಹಿಡಿದ ಫೋಟೋ ಕಳಿಸಿದ. ಮೂವತ್ತೊಂಬತ್ತು. ಗಿಡ್ಡ ಕಾಲಿನದೇ ಹೇಳು ಅಂತ ತಿಳಿಸಿದೆ.